ಹಡೆದವ್ವನ ಮಡ್ಡಿ

ಬೆಣಚಿನಮಟ್ಟಿ ಊರಿನ ಪಡುವಣ ದಿಕ್ಕಿಗೆ, ಎರೆಹೊಲಗಳು ಮುಗಿದು ಗರಸು ನೆಲ ಶುರುವಾಗುವಲ್ಲಿ ಒಂದು ದಿಬ್ಬವಿದೆ. ಅದಕ್ಕೆ ಹಡೆದವ್ವನ ಮಡ್ಡಿ ಎಂದು ಹೆಸರು. ಹೊಸಬರು ಹೆಸರು ಕೇಳಿದೊಡನೆ ಇಲ್ಲೊಂದು ಗುಡಿ ಇರಬೇಕೆಂದುಕೊಂಡು ಕೈಯಲ್ಲಿ ಕಾಯಿ ಹಿಡಿದು ಹತ್ತುತ್ತಾರೆ. ಮೇಲೆ ಹೋದರೆ ಗುಡಿಯೂ ಇಲ್ಲ, ಮೂರ್ತಿಯೂ ಇಲ್ಲ. ನೆಲದಡಿಯಲ್ಲಿ ಜೋಳ ಕೂಡಿಡಲು ತೋಡಿದ ಹಳೆಯ ಹಗೇವು ಒಂದಿದೆ, ಅಷ್ಟೆ. ಹಡೆದವ್ವ ಯಾವ ದೇವಿ ಎಂದು ಕೇಳಿದರೆ ಊರಿನ ಹಿರಿಯರಿಗೆ ಇಂದಿಗೂ ಸಿಟ್ಟು ಬರುತ್ತದೆ. ಆಕೆ ದೇವಿಯಲ್ಲ, ಸೂಲಗಿತ್ತಿ. ಹೆಸರು ನಿಂಬೆವ್ವ. ಇನ್ನೊಂದು ಮಾತು, ಆಕೆ ಒಂದು ಮಗುವನ್ನೂ ಹಡೆದವಳಲ್ಲ.

ಬಹಳ ಹಿಂದೆ, ಊರು ಕಟ್ಟಿದವರು ಒಂದು ಕಟ್ಟಳೆ ಮಾಡಿದ್ದರು ಎನ್ನುತ್ತಾರೆ. ಸುಗ್ಗಿಯಲ್ಲಿ ರಾಶಿ ಮುಗಿದ ಮೇಲೆ ಪ್ರತಿ ಮನೆಯೂ ಒಂದು ಮೊರ ಜೋಳವನ್ನು ಮಡ್ಡಿಯ ಹಗೇವಿಗೆ ಸುರಿಯಬೇಕು. ಅದು ತಂದೆತಾಯಿ ಇಲ್ಲದ ಮಕ್ಕಳ ಪಾಲು. ಅರಸ ಬಂದರೂ ಅದಕ್ಕೆ ಕೈ ಹಾಕುವಂತಿಲ್ಲ. ಬಡವರು ಮೊರದಲ್ಲಿ ಅರ್ಧವಾದರೂ ತಂದು ಸುರಿಯುತ್ತಿದ್ದರು. ಹಗೇವಿನ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಸುವ ಹೊಣೆ ಊರ ಗೌಡನದು. ಹೀಗೆ ಎಷ್ಟೋ ಸುಗ್ಗಿಗಳು ಕಳೆದವು. ಆಮೇಲೆ ಒಂದು ಬೇಸಿಗೆಯ ಶುರುವಿನಲ್ಲಿ ವಾಂತಿಭೇದಿಯ ಬೇನೆ ಬಂತು. ಕೆಳಗಿನ ಓಣಿಯ ಮನೆಗಳು ಹದಿನೈದು ದಿನದಲ್ಲಿ ಬರಿದಾದವು. ಬೇನೆ ಹೋದ ಮೇಲೆ ಎಣಿಸಿದರೆ ದಿಕ್ಕಿಲ್ಲದೆ ಉಳಿದ ಮಕ್ಕಳು ಏಳು. ಎಲ್ಲರಿಗಿಂತ ದೊಡ್ಡವಳು ದ್ಯಾಮಿ, ಒಂಬತ್ತು ವರ್ಷದವಳು. ಸಣ್ಣದು ಇನ್ನೂ ಅಂಬೆಗಾಲಿಡುತ್ತಿದ್ದ ಕೂಸು. ಏಳನ್ನೂ ಭೂಮಿಗೆ ಇಳಿಸಿಕೊಂಡವಳು ನಿಂಬೆವ್ವನೇ.

ಗೌಡ ಸಿದ್ಲಿಂಗನಗೌಡ ಚಾವಡಿಯಲ್ಲಿ ಎಲ್ಲರೆದುರು ಧಾರಾಳವಾಗಿ ಮಾತಾಡಿದ. ಊರಿನ ಮಕ್ಕಳನ್ನು ಊರೇ ಸಾಕುತ್ತದೆ ಎಂದ. ಅನುಕೂಲವಿದ್ದ ಏಳು ಮನೆಗಳಿಗೆ ಏಳು ಮಕ್ಕಳನ್ನು ಹಂಚಿದ. ಜನ ತಲೆದೂಗಿದರು. ನಿಂಬೆವ್ವನೂ ಕಣ್ಣೊರೆಸಿಕೊಂಡು, ಗೌಡನಿಗೆ ಕೈಮುಗಿದು ಮನೆಗೆ ಹೋದಳು. ಹಾಗೆ ಕೈಮುಗಿದದ್ದನ್ನು ನೆನೆದು ಆಕೆ ಸಾಯುವವರೆಗೂ ತನ್ನ ಕೈಗಳನ್ನೇ ಬೈದುಕೊಳ್ಳುತ್ತಿದ್ದಳಂತೆ.

ಎರಡು ತಿಂಗಳು ಕಳೆದಿರಬೇಕು. ಬಾಣಂತಿಯೊಬ್ಬಳಿಗೆ ಎಣ್ಣೆನೀರು ಹಾಕಲು ದೊಡ್ಡ ಮನೆಯೊಂದಕ್ಕೆ ಹೋದ ನಿಂಬೆವ್ವ ಹಿತ್ತಲಿಗೆ ಬಂದಾಗ, ದನದ ಗ್ವಾದಲಿಯ ಹತ್ತಿರ ದ್ಯಾಮಿ ಕೂತಿದ್ದಳು. ತಲೆಯ ಮೇಲೆ ಸಗಣಿ ಬುಟ್ಟಿ ಹೊತ್ತು ಹೊತ್ತು ಕೂದಲು ಉದುರಿತ್ತು. ಎಮ್ಮೆಗೆ ನೆನೆಹಾಕಿದ್ದ ಹಿಂಡಿಯನ್ನು ಬೊಗಸೆಯಲ್ಲಿ ಎತ್ತಿ ತಿನ್ನುತ್ತಿದ್ದಳು. ನಿಂಬೆವ್ವ ಅಲ್ಲಿಂದ ಉಳಿದ ಮನೆಗಳಿಗೆಲ್ಲ ಹೋದಳು. ಎಲ್ಲಿಯೂ ಮಗು ಪಡಸಾಲೆಯಲ್ಲಿ ಇರಲಿಲ್ಲ. ಒಂದು ಕಣದಲ್ಲಿತ್ತು, ಒಂದು ಬಣವೆಯ ಸಂದಿಯಲ್ಲಿ ಮಲಗಿತ್ತು. ಆರು ವರ್ಷದ ಹುಚ್ಚೀರನನ್ನು ಜ್ವರ ಇದ್ದಾಗಲೇ ಕುರಿ ಹಿಂದೆ ಅಟ್ಟಿದ್ದರು. ಆಕೆ ಹುಡುಕಿ ಹೋಗುವಷ್ಟರಲ್ಲಿ ಮಟಮಟ ಮಧ್ಯಾಹ್ನ ಕಳ್ಳಿಬೇಲಿಯ ಬುಡದಲ್ಲಿ ಅವನ ಜೀವ ಹೋಗಿತ್ತು. ಹೊಟ್ಟೆ ಬೆನ್ನಿಗೆ ಅಂಟಿತ್ತು. ಸಾಕುವ ಮನೆಯವರು ಅವನ ಹಣೆಬರಹ ಎಂದರು. ಅವನು ಹುಟ್ಟಿದ ದಿನ ತಾನೇ ತೊಳೆದಿದ್ದ ಮೈಯನ್ನು ನಿಂಬೆವ್ವ ಮತ್ತೊಮ್ಮೆ ತೊಳೆದು, ಮಣ್ಣು ಮಾಡಿ, ಕೈ ಒದ್ದೆಯಿರುವಾಗಲೇ ಚಾವಡಿಗೆ ನಡೆದಳು.

“ಹಗೇವು ತೆಗಸ್ರಿ ಗೌಡ್ರ. ಮಕ್ಕಳ ಪಾಲು ನನ್ನ ಕೈಯಾಗ ಕೊಡ್ರಿ. ಬೀಸತೀನಿ, ರೊಟ್ಟಿ ಬಡಿತೀನಿ, ಆರೂ ಮಕ್ಕಳನ್ನ ನಾನ ಜೋಪಾನ ಮಾಡ್ತೀನಿ” ಎಂದಳು.

ಗೌಡ ಎಲೆಯಡಿಕೆ ಅಗಿಯುತ್ತ, ಹಗೇವು ತೆಗೆಯಲು ಮುಹೂರ್ತ ಬೇಕು ಎಂದ. ಈಗ ತೆಗೆದರೆ ಕಾಳು ಮುಗ್ಗುತ್ತದೆ ಎಂದ. ಆಕೆ ಜಗ್ಗಲಿಲ್ಲ. ಕೊನೆಗೆ ಅವನಿಗೆ ಸಿಟ್ಟು ಬಂತು.

“ಕೇಳಾಕ ನೀ ಯಾರು? ಆ ಮಕ್ಕಳನ್ನ ಹಡೆದವರು ಬಂದು ಕೇಳ್ಲಿ, ಕೊಡ್ತೀನಿ.”

“ನಾನ ಹಡೆದೀನಿ” ಎಂದಳು ನಿಂಬೆವ್ವ.

ಚಾವಡಿಯಲ್ಲಿದ್ದ ಗಂಡಸರು ನಕ್ಕರು. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು, ಬಂಜೆಯೆಂದು ಶುಭಕಾರ್ಯಗಳಿಂದ ಹೊರಗುಳಿದಿದ್ದ ಹೆಂಗಸು ಹಾಗೆಂದರೆ ನಗು ಬರದೆ ಏನು ಮಾಡೀತು? ಆಕೆ ಮೆಟ್ಟಿಲಿಳಿದಳು. ನೇರವಾಗಿ ಆರು ಮನೆಗಳಿಗೂ ನುಗ್ಗಿ ಆರು ಮಕ್ಕಳನ್ನೂ ಕೈಹಿಡಿದು ಎಳೆದುಕೊಂಡು ಬಂದಳು. ತಡೆಯಲು ಬಂದ ಯಜಮಾನರಿಗೆ, “ದೂರ ಸರಿ. ನೀ ಅಡ್ಡಬಿದ್ದು ಹುಟ್ಟಾಕ ಬಂದಾಗ ನಿನ್ನ ತಿರುಗಿಸಿದ ಕೈ ಇದು” ಎಂದಳಂತೆ. ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡು ಮಡ್ಡಿ ಹತ್ತಿ, ಹಗೇವಿನ ಬಾಯಿಗಲ್ಲಿನ ಮೇಲೆ ಮಕ್ಕಳನ್ನು ಕೂರಿಸಿ ತಾನೂ ಕೂತಳು.

ಮೂರು ಹಗಲು ಆ ಸುಡುಬಿಸಿಲಿನಲ್ಲಿ ಅವರು ಅಲ್ಲೇ ಕೂತಿದ್ದರು. ಮೊದಲ ದಿನ ಯಾರೂ ಬರಲಿಲ್ಲ. ಎರಡನೆಯ ದಿನ ಹೊಲಕ್ಕೆ ಹೊರಟ ಹೆಂಗಸರು ಬುತ್ತಿ ಬಿಚ್ಚಿ ರೊಟ್ಟಿ ಇಟ್ಟು ಹೋದರು. ಮೂರನೆಯ ದಿನ ಊರಿಗೆ ಊರೇ ಮಡ್ಡಿಯ ಮೇಲಿತ್ತು. ಕಲ್ಲು ಎಬ್ಬಿಸುವ ಭರಮಣ್ಣ ಹಾರೆ ಹಿಡಿದು ಮುಂದೆ ಬಂದಾಗ ಗೌಡ, “ಮುಟ್ಟಬ್ಯಾಡ!” ಎಂದು ಕೂಗಿದ. ಭರಮಣ್ಣ ಒಂದು ಗಳಿಗೆ ನಿಂತ. ಕಲ್ಲಿನ ಮೇಲಿದ್ದ ದ್ಯಾಮಿಯ ಬೋಳುತಲೆಯ ಕಡೆ ನೋಡಿದ. ಆಮೇಲೆ ಮಕ್ಕಳನ್ನು ಕೆಳಗಿಳಿಸಿ, ಹಾರೆಯನ್ನು ಕಲ್ಲಿನ ಸಂದಿಗೆ ಇಟ್ಟು ಮೀಟಿದ.

ಕೆಟ್ಟ ಗಾಳಿ ಹೋಗಲೆಂದು ಕಾದು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟರು. ದೀಪ ಆರಲಿಲ್ಲ. ಇಳಿದೂ ಇಳಿದೂ ಅದು ತಳಕ್ಕೆ ಹೋಗಿ ಮುಟ್ಟಿತು. ಹಗೇವಿನಲ್ಲಿ ಒಂದು ಹಿಡಿ ಕಾಳೂ ಇರಲಿಲ್ಲ. ಆ ವರ್ಷ ಸುಗ್ಗಿ ಮುಗಿದ ಕೂಡಲೇ ನಡೆದ ಗೌಡನ ಮಗನ ಮದುವೆಯಲ್ಲಿ ಐದು ದಿನ ಸುತ್ತಲಿನ ಹಳ್ಳಿಗಳೆಲ್ಲ ಉಂಡುಹೋದದ್ದು ಯಾವ ಜೋಳವೆಂದು ಆಗ ಎಲ್ಲರಿಗೂ ತಿಳಿಯಿತು. ಅಲ್ಲಿ ನಿಂತವರಲ್ಲಿ ಬಹಳ ಮಂದಿ ಆ ಪಂಕ್ತಿಯಲ್ಲಿ ಕೂತು ಎರಡೆರಡು ಸಲ ಬಡಿಸಿಕೊಂಡವರೇ.

ನಿಂಬೆವ್ವ ಅಳಲಿಲ್ಲ. “ಹುಚ್ಚೀರ ಹಣೆಬರಹಕ್ಕ ಸತ್ತಿಲ್ಲೋ ಯಪ್ಪಾ” ಎಂದಳು. “ನೀವೆಲ್ಲಾ ಕೂಡಿ ಉಂಡೀರಿ ಅವನ್ನ.”

ಗಂಡಸರ ತಲೆ ತಗ್ಗಿತು. ಮೊದಲು ಅಲುಗಿದವಳು ಗೌಡನ ಹೆಂಡತಿ ಎಂದು ಹೇಳುತ್ತಾರೆ. ಆಕೆ ಗಂಡನ ಮುಖ ನೋಡದೆ ದಿಬ್ಬ ಇಳಿದು ಹೋಗಿ, ಮನೆಯ ಕಣಜದಿಂದ ಮೊರ ತುಂಬಿ ತಂದು ಹಗೇವಿಗೆ ಸುರಿದಳು. ಅವಳ ಹಿಂದೆ ಊರಿನ ಹೆಂಗಸರೆಲ್ಲ ಹೋದರು, ಬಂದರು. ಸಂಜೆಯೊಳಗೆ ತಳ ಮರೆಯಾಯಿತು. ಮಕ್ಕಳು ಮತ್ತೆ ಯಾರ ಹಿತ್ತಲಿಗೂ ಹೋಗಲಿಲ್ಲ. ನಿಂಬೆವ್ವನ ಸೂರಿನಡಿಯಲ್ಲೇ ಆರೂ ಜನ ಒಟ್ಟಿಗೆ ಬೆಳೆದರು. ಓಣಿಯ ಹೆಂಗಸರು ಸರದಿಯ ಮೇಲೆ ಬಂದು ರೊಟ್ಟಿ ಬಡಿದು ಹೋಗುತ್ತಿದ್ದರು. ಚಾವಡಿಯಲ್ಲಿ ನಕ್ಕವರ ಮಕ್ಕಳೇ ಆಕೆಯನ್ನು ಹಡೆದವ್ವ ಎಂದು ಕರೆಯತೊಡಗಿದರು. ಗೌಡನಿಗೆ ಏನಾಯಿತು ಎಂದು ಕೇಳುವವರಿದ್ದಾರೆ. ಏನೂ ಆಗಲಿಲ್ಲ. ಸಿಡಿಲು ಬಡಿಯಲಿಲ್ಲ, ಕಣ್ಣು ಹೋಗಲಿಲ್ಲ. ಗೌಡ ಗೌಡನಾಗಿಯೇ ಬಾಳಿ, ಗೌಡನಾಗಿಯೇ ಸತ್ತ. ಹಗೇವನ್ನು ತುಂಬಿಸಿಕೊಟ್ಟವನು ಅವನೇ ಎಂದು ಅವನ ಕಡೆಯವರು ಹಾಡು ಕಟ್ಟಿಸಿದ್ದೂ ಉಂಟು. ಆ ಹಾಡನ್ನು ಊರಲ್ಲಿ ಯಾರೂ ಕಲಿಯಲಿಲ್ಲ.

ಈಗಲೂ ಸುಗ್ಗಿ ಮುಗಿದ ಮೇಲೆ ಮಡ್ಡಿಗೆ ಹೋದವರು ಒಂದು ನೋಟ ಕಾಣಬಹುದು. ಹೆಂಗಸರು ಮೊರದಲ್ಲಿ ಜೋಳ ತಂದು ಹಗೇವು ಬಾಯಿಮಟ್ಟ ತುಂಬುವವರೆಗೆ ಸುರಿಯುತ್ತಾರೆ. ತಂದೆತಾಯಿ ಇಲ್ಲದ ಮಕ್ಕಳಿರುವ ಮನೆಗಳಿಗೆ ವರ್ಷವಿಡೀ ಅಲ್ಲಿಂದಲೇ ಕಾಳು ಹೋಗುತ್ತದೆ. ಸುರಿದ ಕೂಡಲೇ ಬಾಯಿ ಮುಚ್ಚುವುದಿಲ್ಲ. ಊರಿನ ಮಕ್ಕಳೆಲ್ಲ ಸಾಲಾಗಿ ಬಂದು, ಒಬ್ಬೊಬ್ಬರಾಗಿ ಬೋರಲು ಮಲಗಿ, ಒಳಗೆ ಕೈ ಇಳಿಬಿಟ್ಟು ಕಾಳು ಮುಟ್ಟಿ ನೋಡುತ್ತಾರೆ. ಹಿರಿಯರು ಪಕ್ಕದಲ್ಲಿ ಕಾಯುತ್ತಾರೆ. ಕಟ್ಟಕಡೆಯ ಮಗು ಎದ್ದು ನಿಂತು “ಐತಿ” ಎಂದ ಮೇಲೆಯೇ ಕಲ್ಲು ಮುಚ್ಚುವುದು.