ಸ್ಪಂಜಿಗೆ ಗಾಳಿ ಊದಿದ ಪುರ್ಸು

ಸುಮ್ಮನೆ ಕೂತರೆ ಹೇಳ್ತೇನೆ, ನಡುವೆ ಬಾಯಿ ಹಾಕಿದರೆ ಎದ್ದು ಹೋಗ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ.

ಹೊನ್ನಾವರದ ಹೊಳೆಬದಿಯಲ್ಲಿ ಮಂಕಾಳಿ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಪುರ್ಸು. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಅದೇ ಅವನ ರೋಗ. ದೋಣಿಗೆ ಕಳಿಸಿದರೆ ಲಂಗರು ಎಸಿ ಅಂದರಂತೆ, ಎಸೆದ. ಅದಕ್ಕೆ ಹಗ್ಗ ಕಟ್ಟು ಅಂತ ಯಾರೂ ಹೇಳಿರಲಿಲ್ಲ. ಲಂಗರು ಇವತ್ತಿಗೂ ಅಲ್ಲೇ ತಳದಲ್ಲಿದೆ. ಆಮೇಲೆ ಯಾವ ದೋಣಿಯವರೂ ಅವನನ್ನು ಹತ್ತಿಸಲಿಲ್ಲ.

ಮಂಕಾಳಿ ಶಾನಭಾಗರ ಊಟದ ಹೋಟೆಲಿನಲ್ಲಿ ಮಸಾಲೆ ಅರೆದು ಮೀನು ಸಾರು ಮಾಡ್ತಿದ್ದಳು. ಆ ಶಾನಭಾಗರಿಗೊಂದು ಹುಚ್ಚು. ಬಾಗಿಲ ಹತ್ತಿರ ದೊಡ್ಡ ಗಾಜಿನ ತೊಟ್ಟಿ ಇಟ್ಟು, ಉಪ್ಪುನೀರು ತುಂಬಿಸಿ, ಕೇಸರಿ ಮೈಗೆ ಬಿಳಿ ಪಟ್ಟೆಯ ಎರಡು ಸಮುದ್ರದ ಮೀನು ಸಾಕಿದ್ದರು. ಒಳಗೆ ಕಾವಲಿ ಮೇಲೆ ಬಂಗಡೆ ಚುಂಯ್ ಅಂತಿದ್ದರೆ ಹೊರಗೆ ಇವರು ಆ ಎರಡು ಮೀನಿಗೆ ಮುದ್ದು ಮಾಡ್ತಾ ಕೂತಿರ್ತಿದ್ದರು. ತೊಟ್ಟಿಯ ಮೂಲೆಯಲ್ಲೊಂದು ಕಪ್ಪು ಸ್ಪಂಜು, ಅದಕ್ಕೊಂದು ಸಣ್ಣ ಪೈಪು, ಪೈಪಿನ ತುದಿಯಲ್ಲಿ ಗಾಳಿ ಪಂಪು. ಪಂಪು ಗುಂಯ್ ಅಂದರೆ ಸ್ಪಂಜಿನಿಂದ ಬುಳುಬುಳು ಗುಳ್ಳೆ ಏಳ್ತದೆ, ನೀರಿನ ಕೊಳೆಯೆಲ್ಲ ಸ್ಪಂಜಿಗೆ ಹಿಡಿಯುತ್ತದೆ.

ಮಗನಿಗೊಂದು ಕೆಲಸ ಕೊಡಿ ಅಂತ ಮಂಕಾಳಿ ಕೈಮುಗಿದು ಕೇಳಿಕೊಂಡಳು. ಶಾನಭಾಗರು ಒಪ್ಪಿದರು. ತೊಟ್ಟಿ ನೋಡಿಕೊಳ್ಳಲಿ, ಆದರೆ ಮೀನಿಗೇನಾದರೂ ಆದರೆ ಮಗನ ಜೊತೆ ತಾಯಿಯೂ ಮನೆಗೆ ಹೋಗಬೇಕು ಅಂದರು. ಇನ್ನೊಂದು ಹೋಟೆಲು ಆ ಹೊಳೆಬದಿಯಲ್ಲಿರಲಿಲ್ಲ, ಮಂಕಾಳಿಯ ಒಲೆ ಉರೀತಿದ್ದದ್ದೇ ಈ ಹೋಟೆಲಿನಿಂದ.

ಮೊದಲ ದಿನ ಶಾನಭಾಗರು ಸ್ಪಂಜನ್ನು ಚೆನ್ನಾಗಿ ತೊಳಿ ಅಂದರು. ಪುರ್ಸು ತೊಳೆದ. ಬಿಸಿನೀರು ಹಾಕಿ, ಬಟ್ಟೆ ಸೋಪು ತಿಕ್ಕಿ, ಕಲ್ಲಿಗೆ ಬಡಿದು, ಒಣಮೀನಿನ ಜೊತೆ ಬಿಸಿಲಿಗೆ ಹಾಕಿದ. ಒಣಗಿದ್ದನ್ನು ತಂದಿಟ್ಟರೆ ತೊಟ್ಟಿ ತುಂಬ ನೊರೆ. ಮೀನೆರಡೂ ಮೇಲೆ ಬಂದು ಬಾಯಿ ಬಾಯಿ ಬಿಟ್ಟವು. ಶಾನಭಾಗರು ತಲೆ ಚಚ್ಚಿಕೊಂಡು, ಓಡಾಡಿ ನೀರು ಬದಲಿಸಿ, ಹೇಗೋ ಉಳಿಸಿದರು. ಆ ಸ್ಪಂಜಿನ ಕೊಳೆಯಲ್ಲಿ ಕಣ್ಣಿಗೆ ಕಾಣದ ಒಳ್ಳೆಯ ಹುಳ ಇರ್ತವೆ, ಅವೇ ನೀರು ಶುದ್ಧ ಮಾಡುವುದು, ಸೋಪು ಹಾಕಿ ಎಲ್ಲ ಕೊಂದೆಯಲ್ಲ ಅಂತ ಬೈದರು. "ಇನ್ನು ಮೇಲೆ ಯಾವ ನೀರಲ್ಲಿ ಇತ್ತೋ ಅದೇ ನೀರು ಒಂದು ಬಕೆಟಿಗೆ ತಗೊಂಡು, ಅದರಲ್ಲೇ ಅದ್ದಿ ಹಿಂಡು."

ಹಾಗೇ ಆಗಲಿ ಅಂದ ಪುರ್ಸು. ಮರುದಿನ ಶಾನಭಾಗರು ಚಹಾ ಸೋಸುವ ಬಟ್ಟೆ ಹಿಂಡಿಡು ಅಂತ ಅವನ ಕೈಗೆ ಕೊಟ್ಟರು. ಆ ಬಟ್ಟೆ ಇದ್ದದ್ದು ಚಹಾದಲ್ಲಿ. ಚಹಾವನ್ನೇ ಬಕೆಟಿಗೆ ಸುರಿದು, ಅದ್ದಿ, ಹಿಂಡಿ, ಬಟ್ಟೆ ಒಣಗಿಸಿ, ಚಹಾ ವಾಪಸು ಪಾತ್ರೆಗೆ ಹಾಕಿದ. ಕುಡಿದವರ ಮೀಸೆಗೆಲ್ಲ ಚಹಾಪುಡಿಯ ಚರಟ. ಒಳ್ಳೆಯ ಹುಳ ಸಾಯಬಾರದಲ್ಲ ಅಂತ ಇವನು ಗಿರಾಕಿಗಳಿಗೇ ಸಮಾಧಾನ ಹೇಳಿದ. ಹುಳ ಅಂದದ್ದು ಕೇಳಿ ಬೆಂಚು ಅರ್ಧ ಖಾಲಿಯಾಯಿತು.

ನೀನು ಒಳಗಿನದೇನೂ ಮುಟ್ಟಬೇಡ, ತೊಟ್ಟಿಯ ಹತ್ತಿರವೇ ಇರು ಅಂದರು ಶಾನಭಾಗರು. ಸೆಕೆಗೆ ತೊಟ್ಟಿಯ ನೀರು ಇಳೀತದೆ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳೀತದೆ. ಅದಕ್ಕೇ ಇಳಿದಷ್ಟಕ್ಕೆ ಬಾವಿಯ ಸಿಹಿನೀರು ಹಾಕಿ ಗಾಜಿನ ಮೇಲೆ ಎಳೆದ ಗೆರೆ ಮುಟ್ಟಿಸು ಅಂತ ಬಿಡಿಸಿ ಹೇಳಿದರು.

ಈ ಬುದ್ಧಿ ಪುರ್ಸುವಿಗೆ ಬಹಳ ಹಿಡಿಸಿತು. ಮಧ್ಯಾಹ್ನ ಊಟದ ಹೊತ್ತು. ಮಂಕಾಳಿ ಹಿತ್ತಲಿಗೆ ಹೋಗುವಾಗ ಸಾರಿನ ಕಡೆ ಒಂದು ಕಣ್ಣಿಡು ಮಗಾ ಅಂದಳು. ಕಣ್ಣಿಟ್ಟ. ಬಡಿಸಿದ ಹಾಗೆ ಸಾರು ಇಳೀತಾ ಬಂತು. ಪಾತ್ರೆಯ ಒಳಗೆ ಮೊದಲಿನ ಗೆರೆ ಕೆಂಪಗೆ ಕಾಣ್ತಿತ್ತು. ಎರಡು ಕೊಡ ಬಾವಿ ನೀರು ಹೊಯ್ದು ಗೆರೆ ಮುಟ್ಟಿಸಿದ. ಉಣ್ಣುವವರ ಅನ್ನ ಎಲೆಯಲ್ಲಿ ತೇಲಿತು.

ಮಂಕಾಳಿ ಸೌಟು ಹಿಡಿದು ಅಂಗಳ ಪೂರ್ತಿ ಅಟ್ಟಿಸಿಕೊಂಡು ಹೋದಳು. ಸಿಕ್ಕಲಿಲ್ಲ. ಕೊನೆಗೆ ಕೂತು ಅತ್ತಳು. ಅತ್ತು ಮುಗಿಸಿ ಬುದ್ಧಿ ಹೇಳಿದಳು. "ಏನಾದರೂ ಹೊಯ್ಯುವ ಮೊದಲು ನಾಲಗೆಗೆ ಹಾಕಿ ಉಪ್ಪು ನೋಡಬೇಕು ಮಗಾ. ಉಪ್ಪು ಹೆಚ್ಚಾಗಿದ್ದರೆ ಅನ್ನದ ಉಂಡೆ ಹಾಕು, ಅದು ಎಳ್ಕೊಳ್ತದೆ."

ನಿಮಗೆ ಗೊತ್ತಾಯ್ತಲ್ಲ. ಹಲ್ಲು ಕಿಸೀಬೇಡಿ, ಕೇಳಿ.

ಸಂಜೆ ತೊಟ್ಟಿಗೆ ಸಿಹಿನೀರು ಹೊಯ್ಯಲು ಬಂದವನು ಮೊದಲು ಬೆರಳು ಅದ್ದಿ ನೆಕ್ಕಿದ. ಅಯ್ಯಪ್ಪಾ, ಬಾಯಿಗೆ ಇಡಲಿಕ್ಕಾಗದಷ್ಟು ಉಪ್ಪು. ಪಾಪದ ಮೀನುಗಳು ಹೇಗೆ ಸಹಿಸಿಕೊಂಡಿದ್ದಾವೋ ಅಂತ ಅವನ ಕಣ್ಣಲ್ಲಿ ನೀರೇ ಬಂತು. ಓಡಿ ಹೋಗಿ ಕುಚಲಕ್ಕಿ ಅನ್ನ ತಂದು, ಮುಷ್ಟಿ ಕಟ್ಟಿ ಉಂಡೆ ಮಾಡಿ ಒಂದೊಂದೇ ಇಳಿಸಿದ. ಶಾನಭಾಗರು ಬರುವಷ್ಟರಲ್ಲಿ ತೊಟ್ಟಿ ಗಂಜಿಯಾಗಿತ್ತು. ಮೀನು ಎಲ್ಲಿವೆ ಅಂತ ಕೈ ಹಾಕಿ ಹುಡುಕಬೇಕಾಯಿತು.

ಮತ್ತೆ ನೀರು ಬದಲಿಸಿದರು, ಮತ್ತೆ ಉಳಿಸಿದರು. ಈ ಸಲ ಶಾನಭಾಗರು ಕೂಗಾಡಲಿಲ್ಲ, ಅದೇ ಮಂಕಾಳಿಗೆ ಹೆದರಿಕೆಯಾದದ್ದು. ಇದೇ ಕೊನೆ, ಇನ್ನೊಂದು ಅಧ್ವಾನವಾದರೆ ಇಬ್ಬರೂ ಹೊರಗೆ ಅಂದರು. ಪುರ್ಸುವಿನ ಕಡೆ ತಿರುಗಿ ಒಂದೇ ಮಾತು ಹೇಳಿದರು. "ಏನೂ ತೊಳೀಬೇಡ, ಏನೂ ಹಾಕಬೇಡ. ಸ್ಪಂಜಿಗೆ ಗಾಳಿ ಮಾತ್ರ ನಿಲ್ಲಬಾರದು. ಕರೆಂಟು ಇಲ್ಲದಿದ್ದರೆ ಪೈಪಿಗೆ ಬಾಯಿ ಇಟ್ಟು ಊದು, ನಾನು ಬರುವವರೆಗೆ ಊದು."

ಮರುದಿನ ಊಟದ ಹೊತ್ತು ಮುಗಿಯಿತು. ಮಧ್ಯಾಹ್ನ ಹೋಟೆಲು ಮುಚ್ಚುವುದು ರೂಢಿ. ಮಂಕಾಳಿ ಮನೆಗೆ ಹೊರಟವಳು, ಒಂದೂ ಬಿಡದೆ ಎಲ್ಲ ಸ್ವಿಚ್ಚು ಆಫ್ ಮಾಡಿ ಬಾ, ಉಣ್ಣಲಿಕ್ಕೆ ಕಾಯ್ತೇನೆ ಅಂತ ಮಗನಿಗೆ ಹೇಳಿ ಹೋದಳು.

ಕಾದಳು. ಅನ್ನ ಆರಿತು, ಮಗ ಬರಲಿಲ್ಲ. ಹೋಟೆಲಿಗೆ ಓಡಿ ಬಂದರೆ ಶಾನಭಾಗರೂ ಆಗಲೇ ಬಂದು ಬಾಗಿಲಲ್ಲಿ ನಿಂತಿದ್ದರು. ಒಳಗೆ ಪುರ್ಸು ತೊಟ್ಟಿಯೆದುರು ಚಕ್ಕಳಮಕ್ಕಳ ಹಾಕಿ ಕೂತು, ಪಂಪಿನಿಂದ ಕಿತ್ತ ಪೈಪನ್ನು ಬಾಯಲ್ಲಿಟ್ಟು ಊದ್ತಿದ್ದ. ಕೆನ್ನೆ ಎರಡೂ ಹಲಸಿನ ಹಣ್ಣಾಗಿತ್ತು, ಕಣ್ಣು ಕೆಂಪು. ಸ್ಪಂಜಿನಿಂದ ಬುಳುಬುಳು ಗುಳ್ಳೆ. ಮೀನೆರಡೂ ಆರಾಮ ಈಜ್ತಿದ್ದವು.

ಶಾನಭಾಗರಿಗೆ ಪಾಪ ಅನಿಸಿತು. ಕರೆಂಟು ಯಾವಾಗ ಹೋಯಿತು ಅಂತ ಕೇಳಿದರು.

"ಹೋಗಲಿಲ್ಲ ಒಡೇರೆ," ಅಂದ ಪುರ್ಸು, ಒಂದು ಊದಿಗೂ ಇನ್ನೊಂದು ಊದಿಗೂ ನಡುವೆ. "ನಾನೇ ತೆಗೆದೆ. ಅಬ್ಬೆ ಎಲ್ಲ ಸ್ವಿಚ್ಚು ಆಫ್ ಮಾಡು ಅಂದಳು. ಕರೆಂಟು ಇಲ್ಲದಿದ್ದರೆ ಊದು ಅಂತ ನೀವೇ ಹೇಳಿದ್ದಲ್ಲ."

ಮಂಕಾಳಿ ಅಲ್ಲೇ ಗೋಡೆಗೆ ಒರಗಿದಳು, ಅವಳ ಕೆಲಸ ಹೋಯಿತು ಅಂತಲೇ ಲೆಕ್ಕ. ಶಾನಭಾಗರ ಮುಖ ಕೆಂಪಾಯಿತು. ಎದ್ದು ಸ್ವಿಚ್ಚು ಹಾಕೋ ಅಂತ ಗದರಿದರು.

"ನಾನು ಎದ್ದರೆ ಗಾಳಿ ನಿಲ್ತದಲ್ಲ ಒಡೇರೆ."

ಶಾನಭಾಗರು ಮೀನು ನೋಡಿದರು, ಪುರ್ಸುವನ್ನು ನೋಡಿದರು. ಹೌದಲ್ಲ ಅನಿಸಿತು. ಪಂಚೆ ಮಡಚಿ ಕೂತು, ಪೈಪು ಕಸಿದುಕೊಂಡು ತಾವೇ ಬಾಯಿಗಿಟ್ಟು ಊದತೊಡಗಿದರು. ಪುರ್ಸು ಎದ್ದು ಸ್ವಿಚ್ಚು ಹಾಕಿದ. ಪಂಪು ಗುಂಯ್ ಅಂತು, ಬರೀ ಗಾಳಿಗೆ. ಪೈಪು ಇದ್ದದ್ದು ಶಾನಭಾಗರ ಬಾಯಲ್ಲಿ. ತೆಗೆದು ಪಂಪಿಗೆ ಸಿಕ್ಕಿಸೋಣ ಅಂದರೆ ಅಷ್ಟು ಹೊತ್ತು ಗಾಳಿ ನಿಲ್ತದಲ್ಲ ಅಂತ ಅವರು ಕಣ್ಣು ಬಿಟ್ಟುಕೊಂಡು ಊದುವುದೇ ಊದುವುದು.

ಸ್ವಿಚ್ಚಿನ ಬೋರ್ಡು ಶಾನಭಾಗರು ಮೊದಲು ನಿಂತಿದ್ದಲ್ಲೇ, ಅವರ ಮೊಣಕೈಯ ಪಕ್ಕದಲ್ಲೇ ಇತ್ತು, ಅವರೇ ಕೈ ಚಾಚಿದ್ದರೆ ಸಾಕಿತ್ತು. ಮಂಕಾಳಿ ಅದನ್ನು ನೋಡಿದಳು, ಊದುವ ಯಜಮಾನರನ್ನು ನೋಡಿದಳು, ತುಟಿ ಕಚ್ಚಿಕೊಂಡಳು. ಬಾಯಲ್ಲಿ ಪೈಪು ಇರುವವರೆಗೆ ಹೊರಗೆ ನಡೀರಿ ಅನ್ನಲಿಕ್ಕೆ ಅವರಿಗೆ ಆಗ್ತಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಳಗೆ ಹೋಗಿ, ರಾತ್ರಿಯ ಸಾರಿಗೆ ಮಸಾಲೆ ಅರೆಯಲು ಕೂತಳು.