ಎರಡನೆಯ ಗುಂಡು

"ಗುರುಗಳೇ, ನೀವು ಪಕ್ಕದಲ್ಲಿ ಇಲ್ಲದಾಗ ಹತ್ತು ಗುಂಡಿನಲ್ಲಿ ಎಂಟು ಕಾಯಿಗೆ ತಾಗುತ್ತವೆ. ನೀವು ಬಂದು ನಿಂತರೆ ಒಂದೂ ತಾಗುವುದಿಲ್ಲ. ಕೈ ಅದೇ, ಕೋವಿ ಅದೇ. ತಪ್ಪು ಎಲ್ಲಿದೆ?" ಎಂದು ಉತ್ತಯ್ಯ ಕೇಳಿದ.

ಕೇಳುವುದಕ್ಕೆ ಅವನಿಗೆ ನಾಚಿಕೆಯಾಗಿತ್ತು. ಮರುದಿನವೇ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಎತ್ತರದ ಮರದ ತುದಿಗೆ ಕಾಯಿ ಕಟ್ಟುತ್ತಾರೆ. ಒಬ್ಬನಿಗೆ ಒಂದೇ ಗುಂಡು. ಗುರುಗಳ ಶಿಷ್ಯನೊಬ್ಬ ಕಾಯಿ ಒಡೆದು ಹದಿನಾಲ್ಕು ವರ್ಷವಾಗಿತ್ತು. ಈ ಸಲ ಕಣ್ಣಾರೆ ನೋಡಿಯೇ ಬಿಡುತ್ತೇನೆಂದು ಅವರು ಒಂದು ವಾರದಿಂದ ಸಿಕ್ಕವರಿಗೆಲ್ಲ ಹೇಳುತ್ತ ಬಂದಿದ್ದರು. ಅದನ್ನು ಕೇಳಿದಾಗಲೆಲ್ಲ ಉತ್ತಯ್ಯ ಮತ್ತೆ ಕೋವಿ ಹಿಡಿದು ಅಭ್ಯಾಸಕ್ಕೆ ಹೋಗುತ್ತಿದ್ದ.

ಗುರುಗಳು ಒರೆಸುತ್ತಿದ್ದ ಕೋವಿಯನ್ನು ಗೋಡೆಗೆ ಒರಗಿಸಿ, "ಕೂತುಕೋ" ಎಂದರು. ಕತೆ ಶುರುಮಾಡಿದರು.

ಬೆಟ್ಟದ ಊರೊಂದರಲ್ಲಿ ಒಬ್ಬ ಮುದುಕ ಕೋವಿ ಕಲಿಸುತ್ತಿದ್ದ. ಅವನ ಬಳಿಗೆ ಒಬ್ಬ ತರುಣ ಬಂದ. ಮುದುಕ ಮೂರು ತಿಂಗಳು ಅವನ ಕೈಗೆ ಕೋವಿಯನ್ನೇ ಕೊಡಲಿಲ್ಲ. ದಿನಾ ಬೆಳಗ್ಗೆ ನಲವತ್ತು ಹೆಜ್ಜೆ ದೂರದಲ್ಲಿ ಒಂದು ಕಾಯಿ ತೂಗುಹಾಕುತ್ತಿದ್ದ. ಕಾಯಿಗೆ ಏನಾದರೂ ಒಂದು ಅಂಟಿಸಿರುತ್ತಿದ್ದ. ಒಂದು ದಿನ ಕರಿ ದಾರ, ಒಂದು ದಿನ ಕೋಳಿಯ ಪುಕ್ಕ, ಇನ್ನೊಂದು ದಿನ ಒಣಗಿದ ಎಲೆಯ ಚೂರು. ಅದೇನೆಂದು ನಿಂತಲ್ಲಿಂದಲೇ ಹೇಳಬೇಕು. ಹೇಳಿದರೆ ತಿಂಡಿ, ಇಲ್ಲದಿದ್ದರೆ ಇಲ್ಲ. ಮೊದಮೊದಲು ತರುಣ ಬಹಳ ಸಲ ಹಸಿದುಕೊಂಡೇ ಇದ್ದ. ಆಮೇಲಾಮೇಲೆ ಅವನ ಕಣ್ಣು ಇಡೀ ಕಾಯಿಯನ್ನು ಬಿಟ್ಟು ಕಾಯಿಯ ಮೇಲಿನ ಒಂದೇ ಒಂದು ನಾರನ್ನು ಹಿಡಿಯತೊಡಗಿತು.

ಆಗ ಮುದುಕ ಕೋವಿ ಕೊಟ್ಟ. "ಕೋವಿಯ ತುದಿ ಮಸುಕಾದರೆ ಆಗಲಿ, ನಾರು ಮಸುಕಾಗಬಾರದು. ಗುಂಡು ಹಾರಿದ ಮೇಲೂ ಮೂರು ಎಣಿಸುವವರೆಗೆ ಅಲ್ಲೇ ನೋಡುತ್ತಿರು" ಎಂದ.

ಆ ವರ್ಷದ ಪಂದ್ಯದಲ್ಲಿ ತರುಣ ಕಾಯಿ ಒಡೆದ. ಒಡೆದ ಕಾಯಿಯ ಮೊದಲ ಚೂರನ್ನು ಕಲಿಸಿದವನಿಗೆ ಕೊಡುವುದು ಆ ಊರಿನ ಪದ್ಧತಿ. ತರುಣ ಚೂರನ್ನು ಮುದುಕನ ಕೈಗಿಟ್ಟ. ಅಷ್ಟರಲ್ಲಿ ಗೆಳೆಯರು ಅವನನ್ನು ಹೆಗಲಿಗೇರಿಸಿಕೊಂಡು ಓಡಿದರು. ಮುದುಕನ ಮುಖ ಹೇಗಾಯಿತೆಂದು ಅವನಿಗೆ ನೋಡಲಾಗಲಿಲ್ಲ.

ಮಾರನೆಯ ವರ್ಷ ಅವನು ಬಯಲು ಸೀಮೆಗೆ ಇಳಿದು ಎತ್ತಿನ ವ್ಯಾಪಾರಿಯಾದ. ವ್ಯಾಪಾರ ಕೈ ಹಿಡಿಯಿತು. ಮನೆ ಕಟ್ಟಿದ, ಮಕ್ಕಳಾದರು, ಹೊಟ್ಟೆ ಬಂತು. ಇಪ್ಪತ್ತೆರಡು ವರ್ಷ ಕೋವಿ ಮುಟ್ಟಲಿಲ್ಲ. ಆದರೂ ಸಂತೆಯ ಧೂಳಿನಲ್ಲಿ ನಿಂತಿದ್ದಾಗ ಎಲ್ಲಾದರೂ ಪಟಾಕಿಯ ಮದ್ದಿನ ವಾಸನೆ ಬಂದರೆ ಸಾಕು, ಅವನಿಗೆ ಆ ಮೈದಾನ ನೆನಪಾಗುತ್ತಿತ್ತು. ಒದ್ದೆ ಹುಲ್ಲು ನೆನಪಾಗುತ್ತಿತ್ತು. ಹಸಿದ ಹೊಟ್ಟೆಯಲ್ಲಿ ಕರಿ ದಾರ ಹುಡುಕುತ್ತಿದ್ದ ಬೆಳಗುಗಳು ನೆನಪಾಗುತ್ತಿದ್ದವು. ಆ ಹಸಿವಿನಷ್ಟು ರುಚಿ ಆಮೇಲಿನ ಯಾವ ಊಟದಲ್ಲೂ ಅವನಿಗೆ ಸಿಕ್ಕಿರಲಿಲ್ಲ. ನೋಡದೇ ಉಳಿದ ಆ ಮುಖ ಮಾತ್ರ ಎಷ್ಟು ನೆನೆದರೂ ಕಣ್ಣಿಗೆ ಬರುತ್ತಿರಲಿಲ್ಲ.

ಒಂದು ವರ್ಷ ಸುದ್ದಿ ಬಂತು: ಮುದುಕನ ಮಂಡಿ ಸೋತಿದೆ, ಮೈದಾನಕ್ಕೆ ಬರುವುದು ಇದೇ ಕೊನೆಯ ಸಲ. ವ್ಯಾಪಾರಿ ಎತ್ತುಗಳನ್ನು ತಮ್ಮನಿಗೆ ಒಪ್ಪಿಸಿ ಬೆಟ್ಟ ಹತ್ತಿದ. ಈ ಸಲ ಕಾಯಿ ಒಡೆದು ಆ ಮುಖವನ್ನು ನೋಡಿಯೇ ಬರುತ್ತೇನೆಂದು ಹೆಂಡತಿಗೆ ಹೇಳಿ ಬಂದಿದ್ದ. ಹತ್ತು ದಿನ ಮೊದಲೇ ಬಂದು, ಗೆಳೆಯನ ಕೋವಿ ಹಿಡಿದು ಒಬ್ಬನೇ ಅಭ್ಯಾಸ ಮಾಡಿದ. ಹಳೆಯ ಕಣ್ಣು ಮರಳಿ ಬಂತು. ನಾರು ಸ್ಪಷ್ಟವಾಗಿ ಕಂಡಿತು.

ಪಂದ್ಯದ ದಿನ ಮುದುಕನನ್ನು ಕುರ್ಚಿಯಲ್ಲಿ ಕೂರಿಸಿದ್ದರು.

"ಏನು ಸಾಹುಕಾರ್ರೇ, ಕೋವಿಯನ್ನು ಭುಜಕ್ಕೆ ಊರುತ್ತೀರೋ ಹೊಟ್ಟೆಗೋ?" ಎಂದ ಮುದುಕ.

"ಹೊಟ್ಟೆ ಅಡ್ಡ ಬಂದರೆ ಸರಿಸಿಕೊಳ್ಳುತ್ತೇನೆ ಅಜ್ಜ. ನೀವು ಕಾಯಿ ನೋಡಿ" ಎಂದ ವ್ಯಾಪಾರಿ.

ಕೋವಿ ಎತ್ತಿದ. ನಾರು ಹಿಡಿದ. ಗುಂಡು ಹಾರಿತು. ಕಾಯಿ ಇದ್ದ ಹಾಗೇ ಇತ್ತು.

ಮುದುಕ ಅವನನ್ನು ಹತ್ತಿರ ಕರೆದ. "ಎಲ್ಲಿ ನೋಡಿದೆ?"

"ಕಾಯಿಯನ್ನೇ, ಅಜ್ಜ."

"ಸುಳ್ಳು ಹೇಳಬೇಡ. ಕೋವಿಯ ಕುದುರೆ ಎಳೆಯುವಾಗ ನೀನು ನನ್ನನ್ನು ನೋಡಿದೆ. ನಾನು ನಿನ್ನನ್ನೇ ನೋಡುತ್ತಿದ್ದೆನಲ್ಲ, ಕಣ್ಣಿಗೆ ಕಣ್ಣು ಕೂಡಿತು. ಈ ಚಾಳಿ ನಾನು ಕಲಿಸಿದ್ದಲ್ಲ. ಎಲ್ಲಿ ಕಲಿತೆ?"

ವ್ಯಾಪಾರಿಗೆ ತಟ್ಟನೆ ತಿಳಿಯಿತು. ಎತ್ತಿನ ಸಂತೆಯಲ್ಲಿ ಬೆಲೆಯನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಟವಲಿನ ಮರೆಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಹೇಳುತ್ತಾರೆ. ಕೈ ತನ್ನ ಕೆಲಸ ಮಾಡುತ್ತಿರುತ್ತದೆ. ಕಣ್ಣು ಎದುರಿನವನ ಮುಖದ ಮೇಲಿರುತ್ತದೆ. ಬೆರಳು ಬಿಗಿಯುವ ಆ ಗಳಿಗೆಯಲ್ಲಿ ಮುಖ ನೋಡದವನು ಮೋಸಹೋಗುತ್ತಾನೆ. ಇಪ್ಪತ್ತೆರಡು ವರ್ಷ ಅವನ ಕಣ್ಣಿಗೆ ಅದೇ ಪಾಠವಾಗಿತ್ತು. ಒಬ್ಬನೇ ಅಭ್ಯಾಸ ಮಾಡುವಾಗ ನೋಡಲು ಮುಖವಿರಲಿಲ್ಲ. ಇಂದು ಇತ್ತು, ಅದೂ ಅವನು ಅಷ್ಟು ವರ್ಷ ನೋಡಬೇಕೆಂದುಕೊಂಡಿದ್ದ ಮುಖ.

ಅವನು ತಲೆ ತಗ್ಗಿಸಿದ. "ನನ್ನ ಗುಂಡು ಮುಗಿಯಿತು ಅಜ್ಜ" ಎಂದ.

ಮೈದಾನದ ಹಿರಿಯನಿಗೆ ಕೊನೆಯದೊಂದು ಗುಂಡು ಮೀಸಲು. ತನಗೆ ಹೊಡೆಯಲಾಗದಿದ್ದರೆ ಬೇರೆಯವರಿಗೆ ಕೊಡಬಹುದು. "ನನ್ನ ಗುಂಡು ಇವನದು" ಎಂದ ಮುದುಕ. "ಸಂತೆಯವನಿಗಾ?" ಎಂದು ಯಾರೋ ಗೊಣಗಿದರು. ಮುದುಕ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೋಲು ಊರಿ ಎದ್ದು, ಮೈದಾನಕ್ಕೆ ಬೆನ್ನು ಮಾಡಿ ಕಾಲುದಾರಿ ಹಿಡಿದ.

"ಅಜ್ಜ, ನೀವು ನೋಡುವುದಿಲ್ಲವೇ? ನಾನು ಬಂದದ್ದೇ ಅದಕ್ಕೆ!"

"ನಾನು ನೋಡುತ್ತ ಕೂತರೆ ನೀನೂ ನನ್ನನ್ನೇ ನೋಡುತ್ತೀ. ಹೊಡಿ" ಎಂದ ಮುದುಕ. ನಡೆಯುತ್ತಲೇ ಇದ್ದ.

ವ್ಯಾಪಾರಿ ಕೋವಿ ಎತ್ತಿದ. ಮೈದಾನದಲ್ಲಿ ಅವನಿಗೆ ಬೇಕಾದ ಮುಖ ಇರಲಿಲ್ಲ. ನಾರೊಂದೇ ಇತ್ತು. ಗುಂಡು ಹಾರಿತು. ಹೊಗೆಯೊಳಗೂ ಅಲ್ಲೇ ನೋಡುತ್ತ ಮೂರು ಎಣಿಸಿದ. ಕಾಯಿ ಚೂರಾಗಿ ಉದುರಿತು.

ಒಂದು ಚೂರು ಹೆಕ್ಕಿಕೊಂಡು ಅವನು ಕಾಲುದಾರಿಯಲ್ಲಿ ಓಡಿದ. ಮುದುಕ ನಿಂತಿದ್ದ, ಆದರೆ ತಿರುಗಲಿಲ್ಲ. ಹಿಂದಕ್ಕೆ ಕೈಯೊಂದನ್ನು ಚಾಚಿದ. ವ್ಯಾಪಾರಿ ಚೂರನ್ನು ಆ ಕೈಗಿಟ್ಟ. ಮುದುಕನ ಬೆರಳುಗಳು ಅವನ ಬೆರಳುಗಳನ್ನು ಒಂದು ಗಳಿಗೆ ಬಿಗಿಯಾಗಿ ಹಿಡಿದು ಬಿಟ್ಟವು. ಬೆರಳಿನ ಮಾತು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಕಾಯಿ ಇನ್ನೂ ಬಲಿತಿಲ್ಲ" ಎಂದ ಮುದುಕ, ಅಗಿಯುತ್ತ. ಹಾಗೇ ಇಳಿದು ಹೋದ. ಮುಂದಿನ ವರ್ಷ ಅವನು ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಪಾಪ. ಕಾಯಿ ಒಡೆದದ್ದನ್ನು ಆ ಅಜ್ಜ ನೋಡಲೇ ಇಲ್ಲವಲ್ಲ" ಎಂದ ಉತ್ತಯ್ಯ.

"ನೋಡಲಿಲ್ಲ" ಎಂದರು ಗುರುಗಳು. ಗೋಡೆಗೆ ಒರಗಿಸಿದ್ದ ಕೋವಿಯನ್ನು ತೆಗೆದು ಅವನ ಮಡಿಲಲ್ಲಿಟ್ಟರು.

"ನಾಳೆ ನಾನು ಮೈದಾನಕ್ಕೆ ಬರುವುದಿಲ್ಲ."