ನಾಕೇ ದಿನದ ಸೋಪು

ಹೊಳೆದಂಡೇಲಿ ಮರುಳಯ್ಯನೋರ ಆಶ್ರಮ. ಶಿಷ್ಯರೆಲ್ಲ ಒಂದೇ ಪಂಕ್ತೀಲಿ ಕೂತು ಉಣ್ಣೋರು. ಕೆಂಪಾಜಮ್ಮ ಒಬ್ಳು ಮಾತ್ರ ಆಚೆ ಸೋಪಿನ ಕೊಟ್ಟಿಗೇಲಿ.

ಅವಳ ಬಾಯಿ ಹಂಗಿತ್ತು. ಅವಳ ಪಕ್ಕ ಕೂತೋರು ಕಣ್ಣೊರೆಸ್ಕೊಳ್ದೆ ಎದ್ದಿದ್ದೇ ಇಲ್ಲ. ಅದಕ್ಕೇ ಗುರುಗಳು, "ಸ್ವಲ್ಪ ದಿನ ಅಲ್ಲಿರವ್ವ, ಸೋಪು ಮಾಡು" ಅಂದಿದ್ರು.

ಗೋಡೆ ಜೊತೆ ಎಷ್ಟು ದಿನ ಜಗಳ ಆಡಾಳು? ಪಂಕ್ತಿಗೆ ವಾಪಸ್ ಸೇರ್ಕೋಬೇಕು ಅಂತ ಜೀವ ಹೊಡ್ಕೊಂತಿತ್ತು.

ಹೊಂಗೆ ಎಣ್ಣೆಗೆ ಕಾಸ್ಟಿಕ್ ಸೋಡಾ ನೀರು ಹುಯ್ದು ತಿರುವಿದ್ಳು. ನಾಕೇ ದಿನಕ್ಕೆ ಬಿಲ್ಲೆ ಕುಯ್ದು ಮನಸ್ಸು ಗೆಲ್ಲೋಕೆ ಎಲ್ರಿಗೂ ಹಂಚಿದ್ಳು.

ಸಂಜೆಗೆ ಅಡಿಗೆ ನಂಜವ್ವ ಬಂದು ಕೆಂಡದಂಗಾಗಿದ್ದ ಕೈ ತೋರಿಸಿದ್ಳು.

"ಬಾಯಲ್ಲಿ ಸುಟ್ಟಿದ್ದು ಸಾಲ್ದು ಅಂತ ಕೈನೂ ಸುಟ್ಯೇನೇ?"

ಬಿಲ್ಲೆ ಎಸೆದು ಹೋದ್ಳು. ಕೆಂಪಾಜಮ್ಮ ಅದನ್ನ ಎತ್ಕೊಂಡು ಹಲಗೆ ಮೇಲಿಟ್ಳು.

ಬೆಳಿಗ್ಗೆ ಗುರುಗಳೇ ಬಂದ್ರು. ಮಿಕ್ಕ ಬಿಲ್ಲೆಗಳು ಹಲಗೆ ಮೇಲೆ ಒತ್ತೊತ್ತಾಗಿದ್ವು.

"ಬುದ್ಧೀ, ಅಳತೆ ತಪ್ಪಿಲ್ಲ. ನೊರೆನೂ ಬಂತು. ಮತ್ಯಾಕೆ ಸುಡ್ತು?" ಅಂದ್ಳು ಕೆಂಪಾಜಮ್ಮ.

"ಸೋಪು ಒಂದ್ ಕೈಲಿ ಜಿಡ್ಡು ಹಿಡ್ಕೊಂತದೆ, ಇನ್ನೊಂದ್ ಕೈಲಿ ನೀರು. ಹಂಗೆ ಕೊಳೆ ಎಳ್ಕೊಂಡು ಹೋಗ್ತದೆ. ಎಣ್ಣೆ ಜೊತೆ ಬೆರೀದೆ ಒಂಟಿಯಾಗಿ ಉಳಿದ ಸೋಡಾಗೆ ಆ ಕೈಗಳೆಲ್ಲಿ? ಅದು ಚರ್ಮ ಕಚ್ತದೆ."

"ಎಣ್ಣೆ ಹಾಕಿದ್ನಲ್ಲ!"

"ಹಾಕ್ದೆ. ಬೆರೆತು ಮುಗಿಯೋಕೆ ಬಿಡ್ಲಿಲ್ಲ."

ಗುರುಗಳು ಬಿಲ್ಲೆಗಳ ಮಧ್ಯೆ ಬೆರಳು ತೂರೋಷ್ಟು ಜಾಗ ಬಿಟ್ಟು ಒಂದೊಂದಾಗಿ ಜೋಡಿಸಿದ್ರು.

"ಒಂದಕ್ಕೊಂದು ತಾಗ್ಬಾರ್ದು. ಗಾಳಿಗೆ ಒಣಗ್ಲಿ. ಒಂದ್ ತಿಂಗಳಾದ್ರೂ ಬೇಕು."

ಅಷ್ಟೊತ್ತು ತಡ್ಕೊಂಡಿದ್ದ ಕೆಂಪಾಜಮ್ಮನ ಬಾಯಿ ಕಿತ್ಕೊಂತು.

"ಒಂಟಿಯಾದ್ದು ಕಚ್ತದೆ ಅಂತ ನೀವೇ ಅಂತೀರ, ನನ್ನ ತಂದು ಇಲ್ಲಿ ಒಂಟಿಯಾಗೇ ಇಟ್ಟಿದ್ದೀರ! ಉಂಡ್ಯಾ ಅಂತ ಕೇಳೋರಿಲ್ಲ. ಕಾಲೊತ್ತೋಕೆ ಹತ್ತು ಜನ ಇರೋ ನಿಮಗೇನ್ ಗೊತ್ತು ಈ ಸಂಕಟ?"

ಅಂದಾದ ಮೇಲೆ ಇವರೂ ಎದ್ದು ಹೋಗ್ತಾರೆ ಅಂದ್ಕೊಂಡ್ಳು.

ಗುರುಗಳು ಒಂದು ಬಿಲ್ಲೆ ತಗೊಂಡು ನಾಲಿಗೆ ತುದಿಗೆ ತಾಗಿಸ್ಕೊಂಡ್ರು. ಮೈ ಜುಮ್ಮಂದು ಕಣ್ಣಲ್ಲಿ ನೀರು ಬಂತು. ಬಿಲ್ಲೇನ ಮೆತ್ತಗೆ ಅದರ ಜಾಗಕ್ಕೇ ಇಟ್ರು.

"ಇನ್ನೂ ಚುರ್ ಅಂತದೆ ಕಣವ್ವ. ನಾಳೆನೂ ಬಂದು ನೋಡ್ತೀನಿ."